ನಾಲಗೆ ಸಾಕ್ಷಿ ಹೇಳಬಲ್ಲುದೆ?

2011ರ ಅಕ್ಟೋಬರ್ ಕೊನೆಯಲ್ಲಿ ಕಜಾಕಸ್ತಾನದ ಬೈಕನೂರಿನಿಂದ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ಸರಕಿನಲ್ಲಿ ಒಂದು ವಿಚಿತ್ರ ವಸ್ತುವಿತ್ತು. ಪುಟ್ಟ ನಳಿಕೆಗಳಲ್ಲಿ ಇನ್ನೂ ಮಾಗದ ವಿಸ್ಕಿ. ಜೊತೆಗೆ ಸುಟ್ಟು ಕರಿಗಟ್ಟಿಸಿದ ಓಕ್ ಮರದ ಚೂರುಗಳು. ಕಳುಹಿಸಿದ್ದು ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿರುವ ಆರ್ಡ್‌ಬೆಗ್ ಡಿಸ್ಟಿಲರಿ. ಅದೇ ದ್ರವ, ಅದೇ ಮರದ ಚೂರುಗಳ ಇನ್ನೊಂದು ಜೊತೆ ಹೋಲಿಕೆಗಾಗಿ ಭೂಮಿಯ ಮೇಲೆಯೇ ಉಳಿಯಿತು. ಕೆಲವು ವರ್ಷಗಳ ನಂತರ ಎರಡನ್ನೂ ಒಟ್ಟಿಗೆ ಇಟ್ಟು ರುಚಿ ನೋಡುವುದು ಉದ್ದೇಶ.

ವಿಜ್ಞಾನ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ನೀವು ಹುಬ್ಬೇರಿಸಬಹುದು. ಮದ್ಯ ಆರೋಗ್ಯಕ್ಕೆ ಹಾನಿಕರ ಎಂಬುದರಲ್ಲಿ ಎರಡು ಮಾತಿಲ್ಲ. ನಮಗೆ ಬೇಕಾದದ್ದು ಆ ಪಾನೀಯವಲ್ಲ, ಅದರ ಹಿಂದಿರುವ ಪ್ರಶ್ನೆ: 'ಇದರ ರುಚಿ ಬೇರೆ' ಎಂದು ಒಬ್ಬರು ಹೇಳಿದರೆ ಅದನ್ನು ಪುರಾವೆಯೆಂದು ಒಪ್ಪುವುದು ಯಾವಾಗ?

ಸ್ಕಾಟ್ಲೆಂಡಿನಲ್ಲಿ ಬಟ್ಟಿ ಇಳಿಸುವ ಕೆಲಸಕ್ಕೆ ಸಿಗುವ ಮೊದಲ ದಾಖಲೆಗಳಲ್ಲೊಂದು 1494-95ರ ಅರಮನೆಯ ಲೆಕ್ಕಪತ್ರ. ಜಾನ್ ಕಾರ್ ಎಂಬ ಸನ್ಯಾಸಿಗೆ 'ಜೀವಜಲ' ತಯಾರಿಸಲು ಮೊಳಕೆಧಾನ್ಯ ಕೊಟ್ಟುದನ್ನು ಅದು ತಿಳಿಸುತ್ತದೆ. ಇಂದು 'ಸಿಂಗಲ್ ಮಾಲ್ಟ್' ಎಂದರೆ ಮೊಳಕೆ ಬರಿಸಿದ ಬಾರ್ಲಿ, ನೀರು ಮತ್ತು ಯೀಸ್ಟ್‌ನಿಂದ ಒಂದೇ ಡಿಸ್ಟಿಲರಿಯಲ್ಲಿ ತಯಾರಾದ ವಿಸ್ಕಿ. ಸ್ಕಾಟ್ಲೆಂಡಿನಲ್ಲಿ ಇದನ್ನು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕೆಂಬುದು ಕಾನೂನು.

ತಾಮ್ರದ ಬಟ್ಟಿಪಾತ್ರೆಯಿಂದ ಇಳಿದಾಗ ಈ ದ್ರವಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣವೂ ರುಚಿಯ ಬಹುಪಾಲೂ ಮರದಿಂದ ಬರುತ್ತವೆ. ಮರದ ಲಿಗ್ನಿನ್ ಒಡೆದಾಗ ವೆನಿಲಾದ ಪರಿಮಳವುಳ್ಳ ವೆನಿಲಿನ್ ಉಂಟಾಗುತ್ತದೆ. ಐಲಾದ ಹಲವು ವಿಸ್ಕಿಗಳಲ್ಲಿ ಹೊಗೆಯ ವಾಸನೆಯೂ ಇರುತ್ತದೆ. ಜೌಗುನೆಲದಲ್ಲಿ ಅರೆಕೊಳೆತ ಸಸ್ಯಗಳಿಂದಾದ ಪೀಟ್ ಉರಿಸಿ ಬಾರ್ಲಿಯನ್ನು ಒಣಗಿಸುವಾಗ, ಹೊಗೆಯಲ್ಲಿನ ಫೀನಾಲ್ ವರ್ಗದ ಸಂಯುಕ್ತಗಳು ಕಾಳಿಗೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಹಾಗಾಗಿ ಒಂದೇ ಡಿಸ್ಟಿಲರಿಯ ಎರಡು ಬಾಟಲಿಗಳ ನಡುವೆಯೂ ಮರ, ವಯಸ್ಸು, ಉಗ್ರಾಣದ ಹವೆ ಹೀಗೆ ಹಲವು ವ್ಯತ್ಯಾಸಗಳಿರುತ್ತವೆ. ಇವುಗಳಲ್ಲಿ ಯಾವುದರಿಂದ ರುಚಿ ಬದಲಾಯಿತು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ನಾಲಗೆಯನ್ನು ನಂಬುವ ಮೊದಲು ಅದನ್ನೇ ಪರೀಕ್ಷಿಸಬೇಕು. ಈ ಅರಿವು ಬಂದದ್ದು ಚಹಾ ಮತ್ತು ಬಿಯರ್‌ಗಳಿಂದ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿದ್ದ ಶೈವಲ ವಿಜ್ಞಾನಿ ಮ್ಯೂರಿಯಲ್ ಬ್ರಿಸ್ಟಲ್, ಬಟ್ಟಲಿಗೆ ಹಾಲನ್ನು ಮೊದಲು ಹಾಕಿದರೋ ಚಹಾವನ್ನೋ ಎಂಬುದನ್ನು ರುಚಿಯಿಂದಲೇ ಗುರುತಿಸಬಲ್ಲೆ ಎಂದರಂತೆ. ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಇದನ್ನು ತಮಾಷೆಯೆಂದು ಬಿಡಲಿಲ್ಲ. 1935ರ ತಮ್ಮ ಗ್ರಂಥದಲ್ಲಿ ಇಂಥದೊಂದು ಪರೀಕ್ಷೆಯನ್ನು ವಿವರಿಸಿದರು. 8 ಬಟ್ಟಲುಗಳಲ್ಲಿ 4 ಒಂದು ಬಗೆಯವು, 4 ಇನ್ನೊಂದು ಬಗೆಯವು. ಎಲ್ಲವನ್ನೂ ಬರಿಯ ಊಹೆಯಿಂದ ಸರಿಯಾಗಿ ವಿಂಗಡಿಸುವ ಸಂಭವ 70ರಲ್ಲಿ 1 ಮಾತ್ರ.

1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯವರು 'ತ್ರಿಕೋನ ಪರೀಕ್ಷೆ'ಯನ್ನು ಬಳಕೆಗೆ ತಂದರು. ಮೂರು ಲೋಟಗಳಲ್ಲಿ ಎರಡು ಒಂದೇ ಮಾದರಿಯವು, ಒಂದು ಬೇರೆ. ಹೆಸರು ತಿಳಿಸದೆ, ಬೇರೆಯಾದುದನ್ನು ಗುರುತಿಸಲು ಹೇಳುತ್ತಾರೆ. ಯಾವುದು ಚೆನ್ನ ಎಂಬ ಪ್ರಶ್ನೆಯೇ ಇಲ್ಲಿಲ್ಲ. ವ್ಯತ್ಯಾಸ ಉಂಟೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಬಾಹ್ಯಾಕಾಶಕ್ಕೆ ಹೋದ ನಳಿಕೆಗಳು ಏನಾದವು? ಅವು 2014ರ ಸೆಪ್ಟೆಂಬರಿನಲ್ಲಿ ಭೂಮಿಗೆ ಮರಳಿದವು. 2015ರಲ್ಲಿ ಡಿಸ್ಟಿಲರಿಯ ಬಿಲ್ ಲಮ್ಸ್‌ಡೆನ್ ಫಲಿತಾಂಶ ಪ್ರಕಟಿಸಿದರು. ಮರದಿಂದ ಬರುವ ಸಂಯುಕ್ತಗಳ ಪರಸ್ಪರ ಪ್ರಮಾಣ ಎರಡು ಮಾದರಿಗಳಲ್ಲಿ ಬೇರೆಯಾಗಿತ್ತು. ಬಾಹ್ಯಾಕಾಶದ ಮಾದರಿಯಲ್ಲಿ ರಬ್ಬರು, ಹೊಗೆಯಾಡಿಸಿದ ಮೀನುಗಳನ್ನು ನೆನಪಿಸುವ ವಾಸನೆಯಿತ್ತು. ಭೂಮಿಯದರಲ್ಲಿ ವೆನಿಲಾ, ಒಣದ್ರಾಕ್ಷಿಗಳ ಛಾಯೆಯಿತ್ತು.

ಇಷ್ಟರಿಂದ 'ಗುರುತ್ವದ ಕೊರತೆಯೇ ರುಚಿಯನ್ನು ಬದಲಿಸಿತು' ಎಂದು ತೀರ್ಮಾನಿಸಬಹುದೆ? ಅವಸರ ಬೇಡ. ಕೆಲವೇ ಪುಟ್ಟ ನಳಿಕೆಗಳು; ಪ್ರಯೋಗಕ್ಕೆ ಮುಂದಾದವರು ಅದೇ ವಸ್ತುವಿನ ಮಾರಾಟಗಾರರು. ಎಲ್ಲಕ್ಕಿಂತ ಮುಖ್ಯವಾಗಿ, ವ್ಯತ್ಯಾಸ ಉಂಟೆ ಎಂಬುದು ಒಂದು ಪ್ರಶ್ನೆ, ಅದು ಏಕಾಯಿತು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕಾದರೆ ಗುರುತ್ವವೊಂದನ್ನು ಬಿಟ್ಟು ಉಳಿದೆಲ್ಲವೂ, ಉಷ್ಣತೆಯೂ ಸೇರಿ, ಎರಡು ಕಡೆಯೂ ಒಂದೇ ಆಗಿರಬೇಕು.

ಉಷ್ಣತೆ ಎಷ್ಟು ಮುಖ್ಯವೆಂದು ತಿಳಿಯಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೊ ನಗರದಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು ಆವಿಯಾಗುತ್ತದೆ. ಇಲ್ಲಿ ಮಾಗುವ ಕ್ರಿಯೆಯೂ ಬೇಗ. ಪೀಪಾಯಿಯ ವಯಸ್ಸನ್ನು ವರ್ಷಗಳಲ್ಲಿ ಎಣಿಸಿದರಷ್ಟೇ ಸಾಲದು ಎಂದಾಯಿತು.

ಶಿಕ್ಷಕರೇ, ಈ ಪಾಠಕ್ಕೆ ಮದ್ಯ ಬೇಕಿಲ್ಲ, ನಿಂಬೆಹಣ್ಣಿನ ಪಾನಕ ಸಾಕು. ಎರಡು ಲೋಟಗಳಿಗೆ ಒಂದೇ ಪಾನಕ, ಮೂರನೆಯದಕ್ಕೆ ಚಿಟಿಕೆ ಉಪ್ಪು ಬೆರೆಸಿದ ಪಾನಕ. 30 ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬೇರೆಯಾದುದನ್ನು ಗುರುತಿಸಲಿ. ಲೋಟಗಳ ಕ್ರಮ ಪ್ರತಿಯೊಬ್ಬರಿಗೂ ಬದಲಾಗುತ್ತಿರಲಿ. ಬರಿಯ ಊಹೆಯಿಂದಲೇ ಸುಮಾರು 10 ಮಂದಿ ಸರಿ ಹೇಳಿಯಾರು. 11 ಮಂದಿ ಸರಿಯಾದರೆ ಹಿಗ್ಗಬೇಕಿಲ್ಲ. ಎಲ್ಲರೂ ಬರಿಯ ಊಹೆ ಮಾಡುತ್ತಿದ್ದರೆ, 15 ಅಥವಾ ಹೆಚ್ಚು ಮಂದಿ ಸರಿ ಹೇಳುವ ಸಂಭವ ಶೇ. 5ಕ್ಕಿಂತ ಕಡಿಮೆ. ಉಪ್ಪನ್ನು ಕಡಿಮೆ ಮಾಡುತ್ತ ಹೋಗಿ, ತರಗತಿಯ ನಾಲಗೆ ಎಲ್ಲಿ ಸೋಲುತ್ತದೆಂದು ಬರೆದಿಡಿ. ಮುಂದೆ ಯಾವುದಾದರೂ ಜಾಹೀರಾತು 'ರುಚಿಯಲ್ಲಿ ವ್ಯತ್ಯಾಸ ನೀವೇ ನೋಡಿ' ಎಂದಾಗ, ನಿಮ್ಮ ವಿದ್ಯಾರ್ಥಿಗಳು 'ಎಷ್ಟು ಜನ ನೋಡಿದರು? ಹೆಸರು ತಿಳಿಯದೆ ನೋಡಿದರೆ?' ಎಂದು ಕೇಳುವಂತಾದರೆ ಪ್ರಯೋಗ ಸಾರ್ಥಕ.