ಅಕ್ಕಾರ, ಗಾಡಿ ತಿರಗಿಸ್ಕೋತೇನ್ರಿ

ಹ್ವಾದ ಸೋಮವಾರ ಮುಂಜಾನೆ ಅಂಗಳದ ಕಸಾ ಹೊಡದು, ನೀರು ಚೆಲ್ಲಿ, ರಂಗೋಲಿ ಹಾಕಿದ್ದೆ. ಬಟ್ಟಲಾ ಒಳಗಿಟ್ಟು ಬರೋದರಾಗ ಒಂದು ಬಿಳೀ ಕಾರು ಸೀದಾ ನಮ್ಮ ಅಂಗಳಕ್ಕ ಹೊಕ್ಕು, ಹಿಂದ ಸರದು, ಮತ್ತ ಮುಂದ ಬಂದು, ತಿರಗಿಸ್ಕೊಂಡು ಹೋಗೇಬಿಡ್ತು. ರಂಗೋಲಿ ಅರ್ಧಾ ಟೈರಿಗೆ ಹತ್ತಿ ಓಣಿ ನಡುವಿನ ತನಕಾ ಬಿಳೀ ಗೆರಿ ಎಳಕೋತ ಹೋತು. ಒಳಗ ಕೂತವರು ಗಂಡಸೋ ಹೆಂಗಸೋ ಅದೂ ಕಾಣಲಿಲ್ಲ, ಕರೀ ಕಾಚು.

ನಮ್ಮ ಅತ್ತಿಯವರು ಕಟ್ಟಿ ಮ್ಯಾಲೆ ಕೂತು ಅವರಿಕಾಯಿ ಸುಲೀತಿದ್ರು. ತಲಿ ಎತ್ತದನ ಅಂದ್ರು, “ತಿರಗಿಸಿದ್ದಕ್ಕ ಏನಿಲ್ಲವಾ. ಒಂದ ಮಾತು ಕೇಳಿದ್ರ ಅವನ ಗಂಟೇನು ಹೋಗ್ತಿತ್ತು?”

ನಮ್ಮ ಮನಿ ನಿಮಗೆಲ್ಲಾ ಗೊತ್ತಿದ್ದದ್ದ. ಧಾರವಾಡ ಸ್ಟೇಶನ್ ಕಡೆ, ಓಣಿ ಮುಗಿಯೋ ತುದಿಗೆ. ಮುಂದ ಹಾದಿ ಇಲ್ಲ. ಓಣಿ ಅಗಲ 12 ಫೂಟು, ನಮ್ಮ ಅಂಗಳಕ್ಕ ಗೇಟಿಲ್ಲ. ಫೋನಿನ ನಕಾಶೆದಾಗ ಮುಂದ ಹಾದಿ ಇದ್ದಂಗ ಕಾಣತದೋ ಏನೋ, ದಿನಾ ಯಾರರೆ ಬಂದು ತುದಿಗೆ ಸಿಕ್ಕೊಂಡು ನಮ್ಮಲ್ಲೆ ಹೊಳ್ಳಸ್ತಾರ. ಮದಿವಿ ದಿನಗಳೊಳಗಂತೂ ಕೇಳಬ್ಯಾಡ್ರಿ. ಆ ಸೋಮವಾರ ಸಿಟ್ಟಿಗೆ ಕೂತು ಎಣಿಸೇಬಿಟ್ಟೆ: 11 ಕಾರು, ಒಂದು ಟೆಂಪೋ. ನಾದಿನಿ ಮೊಮ್ಮಗಳು ಸೂಟಿಗೆ ಬಂದಾಗ ಅದನ್ನ ಅಂಗಳಕ್ಕ ಬಿಡಲಿಕ್ಕೂ ಜೀವ ಝಲ್ ಅಂತದ. ಹಿಂದ ಸರಿಯೋ ಗಾಡಿಗೆ ಎರಡು ವರ್ಷದ ಕೂಸು ಎಲ್ಲೆ ಕಾಣಬೇಕು?

“ಗೇಟ್ ಯಾಕ ಹಚ್ಚಲಿಲ್ಲ ನೀವು ಮೊದಲ?” ಅಂತ ಕೇಳಿದೆ. ಅದಕ್ಕ ಅತ್ತಿಯವರು ಕೊಟ್ಟ ಉತ್ತರಾ ಎರಡು ದಿನಾ ನಡೀತು. ಅದನ್ನ ಇಲ್ಲೆ ಬರದಿಡ್ತೇನಿ, ನಡುನಡುವ ನಾ ಓದಿ ತಿಳಕೊಂಡದ್ದೂ ಸೇರಿಸಿ.

ನಮ್ಮ ಮಾವನವರ ತಂದಿ ಈ ಮನಿ ಕಟ್ಟಿಸಿದ್ದು 1938 ರಾಗ. ಆಗ ಅಂಗಳಾ ಬಿಟ್ಟದ್ದ ಗಾಡಿ ತಿರಗಸಲಿಕ್ಕೆ. ಹೌದು, ನಮ್ಮದ ಗಾಡಿ, ಚಕ್ಕಡಿ. ಸುಗ್ಗಿ ಆದ ಮ್ಯಾಲೆ ಹಳ್ಳಿಯಿಂದ ಜ್ವಾಳದ ಚೀಲಾ, ಶೇಂಗಾ, ಕಟಗಿ, ಕುಳ್ಳು ಎಲ್ಲಾ ಚಕ್ಕಡ್ಯಾಗ ಬರ್ತಿತ್ತು. ತುಂಬಿದ ಚಕ್ಕಡಿ ಹಿಂದ ಸರಸೋದು ಅಂದ್ರ ಎತ್ತಿಗೂ ತ್ರಾಸು, ಹೊಡೆಯವಗೂ ತ್ರಾಸು. ಆದ್ರ ತಿರಗೋದರಾಗ ಅದು ಭಾಳ ಶಾಣ್ಯಾ. ಎರಡ ಗಾಲಿ, ಒಂದೊಂದೂ ತಂದ ತಾನ ತಿರಗತದ. ಒಳಗಿನ ಎತ್ತು ನಿಂತಲ್ಲೇ ಕಾಲು ತುಳೀತದ, ಹೊರಗಿನ ಎತ್ತು ಸುತ್ತು ಹಾಕತದ, ಒಂದು ಗಾಲಿ ಜಾಗಾ ಬಿಡದ ಕೂಡತದ, ಇನ್ನೊಂದು ಅದರ ಸುತ್ತ ಹೋಗತದ. ಬೀಸೋಕಲ್ಲಿನ ಗೂಟಾ ಹಿಡದು ತಿರಗಿಸಿದಂಗ ನೋಡ್ರಿ. ಎತ್ತು ನೊಗಾ ಸೇರಿ ಇಡೀ ಚಕ್ಕಡಿ ಉದ್ದಕ್ಕ ಎಷ್ಟದನೋ ಅಷ್ಟು ಜಾಗಾ ಬಿಟ್ರ ಮುಗೀತು. ಅಜ್ಜಾರು ಕಟ್ಟೋ ಮುಂದ ಖರೇನ ಚಕ್ಕಡಿ ನಿಲ್ಲಿಸಿ ಅಳತಿ ತೊಗೊಂಡಿದ್ರಂತ. ಗಾಲಿ ಗುಂಬ ಗ್ವಾಡಿಗೆ ತಿಕ್ಕಬಾರದಂತ ಮೂಲ್ಯಾಗ ಒಂದು ಗುಂಡಕಲ್ಲು ಹುಗಿಸಿದ್ರು. ಆ ಕಲ್ಲು ನಾ 1996 ರಾಗ ಮದಿವ್ಯಾಗಿ ಬಂದಾಗ ಇರಲಿಲ್ಲ. ಗಟಾರ ಕಟ್ಟೋ ಮುಂದ ಯಾರೋ ಕಿತ್ತರಂತ.

ಅತ್ತಿಯವರು ಈ ಮನಿಗೆ ಬಂದದ್ದು 1964 ರಾಗ, ಸ್ಟೇಶನ್ನಿನಿಂದ ಟಾಂಗಾದಾಗ. ನಮ್ಮ ಕಡೆ ಓಣಿಗೆ ಸ್ಟೇಶನ್ನಿನ ಟಾಂಗಾ ಹೊಸಾದಲ್ಲ. ಸದರ್ನ್ ಮರಾಠಾ ರೈಲ್ವೆ ಅನ್ನೋ ಕಂಪನಿಯ ಮುಖ್ಯ ಕಚೇರಿ ಮೊದಲ ಧಾರವಾಡದಾಗ ಇತ್ತು. 1908 ರಾಗ ಆ ಕಂಪನಿ ಮದ್ರಾಸಿನ ಕಂಪನಿ ಜೋಡಿ ಕೂಡಿಹೋತು. ಆ ಕಚೇರಿ ಕಟ್ಟಡದಾಗನ ಈಗ ಕರ್ನಾಟಕ ಕಾಲೇಜು ಇರೋದು. ಕಾಲೇಜು ಹುಟ್ಟಿದ್ದು 1917 ರಾಗ. ಕಚೇರಿ ಹೋತು, ಸ್ಟೇಶನ್ ಉಳೀತು, ಟಾಂಗಾ ಉಳದವು.

ಟಾಂಗಾದವ ಓಣಿ ತುದಿಗೆ ಬಂದು ನಮ್ಮ ಅಂಗಳದ ಹೊರಗ ನಿಂತು ಕೂಗ್ತಿದ್ದನಂತ, “ಅವ್ವಾರ, ಗಾಡಿ ತಿರಗಿಸ್ಕೋತೇನ್ರಿ.” ನಮ್ಮ ಅತ್ತಿಯ ಅತ್ತಿ ಒಳಗಿಂದನ “ತಿರಗಿಸ್ಕೋಪಾ” ಅಂತಿದ್ರು. ಬ್ಯಾಸಗಿ ಇದ್ರ ಕುದರಿಗೊಂದು ಬಕೀಟು ನೀರು. ಕುದರಿ ಲದ್ದಿ ಬಿದ್ದರ ಸಸಿಗೆ ಹಾಕ್ತಿದ್ರು. ಅತ್ತಿಯವರಿಗೆ ಇದನ್ನೆಲ್ಲಾ ಹೇಳೋ ಮುಂದ ಕಣ್ಣಾಗ ಒಂದು ನಮೂನಿ ಬೆಳಕು.

ಆದ್ರ ಇಲ್ಲೆ ನಾ ಒಂದು ಮಾತು ಹೇಳಬೇಕು, ಅತ್ತಿಯವರು ಓದಿದ್ರ ಸಿಟ್ಟಾಗಲಿಕ್ಕಿಲ್ಲ, ಯಾಕಂದ್ರ ಕಡೀಕೆ ಹೇಳಿದವರೂ ಅವರ. ಟಾಂಗಾದವಗ ನೀರು ಕೊಡ್ತಿದ್ರು ಖರೆ, ಮ್ಯಾಲಿಂದ ಬೊಗಸಿಗೆ ಹನಿಸ್ತಿದ್ರು. ಕಟ್ಟಿ ಏರೋ ಹಂಗ ಇರಲಿಲ್ಲ. ಕೆಲವರಿಗಂತೂ ಅಂಗಳದೊಳಗ ಕಾಲಿಡೋ ಹಂಗೂ ಇರಲಿಲ್ಲ. ಓಣಿ ತುದಿಗೇ ಗಾಡಿ ನಿಲ್ಲಿಸಿ, ಚೀಲಾ ಹೊತ್ಕೊಂಡು ಬಂದು, ಗಾಡಿನ್ನ ಓಣ್ಯಾಗ ಹಂಗ ಹಿಂದ ಹಿಂದ ಸರಿಸ್ಕೋತ ಹೋಗ್ತಿದ್ರಂತ. ಅಂದ ಮ್ಯಾಲೆ ಆ “ಅವ್ವಾರ, ತಿರಗಿಸ್ಕೋತೇನ್ರಿ” ಅನ್ನೋದರಾಗ ರೀತಿ-ರಿವಾಜು ಎಷ್ಟಿತ್ತು, ಅಂಜಿಕಿ ಎಷ್ಟಿತ್ತು? ಕೇಳದ ಬಂದ್ರ ಏನಾಗ್ತಿತ್ತು ಅಂತ ಅವಗ ಗೊತ್ತಿತ್ತು. ಈಗಿನ ಕರೀ ಕಾಚಿನ್ಯಾಂವಗ ಏನೂ ಆಗೂದಿಲ್ಲ ಅಂತ ಗೊತ್ತದ. ಹಿಂದಿನ ಕಾಲ ಛಲೋ ಇತ್ತು ಅಂತ ಅಳಕೋತ ಕೂಡಲಿಕ್ಕೆ ನನಗ ಮನಸ್ಸಾಗಲಿಲ್ಲ.

ಇನ್ನ ಕಾರಿನ ಕಥಿ. ಜರ್ಮನಿಯ ಕಾರ್ಲ್ ಬೆಂಝ್ 1886 ರಾಗ ಮಾಡಿದ ಮೊದಲನೇ ಕಾರಿಗೆ ಮೂರ ಗಾಲಿ, ನಮ್ಮ ಆಟೋದಂಗ. ಮುಂದಿನ ಎರಡೂ ಗಾಲಿ ಹೊಂದಿಕೊಂಡು ಹೊಳ್ಳೋ ಕೀಲು ಅವಗ ಇನ್ನೂ ಸರಿ ಕೂತಿರಲಿಲ್ಲ. ಮತ್ತ ಅದಕ್ಕ ಹಿಂದ ಸರಿಯೋ ಗೇರ ಇರಲಿಲ್ಲ! 1888 ರ ಆಗಸ್ಟಿನ್ಯಾಗ ಅವನ ಹೆಂಡ್ತಿ ಬರ್ಥಾ, ಗಂಡಗ ಹೇಳದನ ಎರಡು ಗಂಡುಮಕ್ಕಳನ್ನ ಕರಕೊಂಡು ಮಾನ್‌ಹೈಮಿನಿಂದ ಫೋರ್ತ್ಸ್‌ಹೈಮಿನ ತವರುಮನಿಗೆ 100 ಕಿಲೋಮೀಟರಿಗೂ ಮ್ಯಾಲೆ ಕಾರು ಹೊಡಕೊಂಡು ಹೋದ್ಲು. ನಳಗಿ ಕಟ್ಟಿಕೊಂಡಾಗ ಟೊಪಗಿ ಪಿನ್ನಿನಿಂದ ಚುಚ್ಚಿ ಬಿಡಿಸಿದ್ಲು, ದಿನ್ನಿ ಬಂದಾಗ ಹುಡುಗರು ಇಳದು ದಬ್ಬಿದ್ರು. ತವರುಮನಿಗೆ ಹೋಗೋ ಹುರುಪು ಅಂದ್ರ ಎಲ್ಲಾ ದೇಶದಾಗೂ ಒಂದ ನೋಡ್ರಿ. ಹಿಂದಿನ ಗೇರ ಆಮ್ಯಾಲೆ ಬಂತು. ಅದು ಬಂದ ಮ್ಯಾಲೆ ಕಾರಿಗೆ ಒಂದು ಹೊಸಾ ಚಟಾ ಹತ್ತಿತು: ಸಣ್ಣ ಓಣ್ಯಾಗ ಸಿಕ್ಕರ ಮಗ್ಗಲಿನ ಯಾವದರೆ ಕಿಂಡಿಗೆ ಮಾರಿ ತುರುಕೋದು, ಹಿಂದ ಬರೋದು, ಹೋಗೋದು. ಆ ಕಿಂಡಿ ಅಂದ್ರ ಯಾರದೋ ಮನಿ ಅಂಗಳ.

ಲೆಕ್ಕಾ ಹಾಕಿ ನೋಡಿದೆ. 1983 ರ ಡಿಸೆಂಬರಿನ್ಯಾಗ ಬಂದ ಮಾರುತಿ 800 ಅಷ್ಟ ಸಣ್ಣದಿದ್ರೂ ಅದರ ತಿರಗೋ ತ್ರಿಜ್ಯ 4.4 ಮೀಟರು. ಅಂದ್ರ ಒಂದ ಸಲಕ್ಕ ಪೂರಾ ಹೊಳ್ಳಲಿಕ್ಕೆ 29 ಫೂಟು ಅಗಲ ಬೇಕು. ಇನೋವಾಕ್ಕ 5.4 ಮೀಟರು, ಅಂದ್ರ 35 ಫೂಟು. ನಮ್ಮ ಓಣಿ 12 ಫೂಟು! ಇಲ್ಲೆ ಯಾವ ಕಾರೂ ತನ್ನ ಪಾಡಿಗೆ ತಾ ಹೊಳ್ಳೂದಿಲ್ಲ. ಲಂಡನ್ನಿನ್ಯಾಗ 1906 ರಾಗನ ಬಾಡಗಿ ಟ್ಯಾಕ್ಸಿಗೊಳಿಗೆ ಕಾಯ್ದೆ ಮಾಡಿದ್ರು, 25 ಫೂಟಿನ್ಯಾಗ ಹೊಳ್ಳಬೇಕು, ಇಲ್ಲಾಂದ್ರ ಪರವಾನಗಿ ಇಲ್ಲ ಅಂತ. ಅಲ್ಲೆ ಹಾದಿ ನೋಡಿ ಗಾಡಿಗೆ ಅಳತಿ ಹಾಕಿದ್ರು. ನಮ್ಮಲ್ಲೆ ಆ ಉಳದ ಫೂಟೆಲ್ಲಾ ಮನಿ ಮುಂದಿನ ರಂಗೋಲಿ ಕೊಡಬೇಕು.

ಇಷ್ಟು ಆಗಿದ್ರ ನಾ ಬರೀತಿದ್ದಿಲ್ಲ, ಬರೇ ಬೈದು ಸುಮ್ಮನಾಗ್ತಿದ್ದೆ. ಬುಧವಾರ ತುಳಸಿಗೆ ನೀರು ಹಾಕಲಿಕ್ಕೆ ಹೋದಾಗ ಎದುರ ಮನಿ ಮುಂದ ಏಜೆಂಟ ಯಾರಿಗೋ ಮನಿ ತೋರಸ್ತಿದ್ದ. ಎದುರ ಮನಿಯವರು ಮಗನ ಕಡೆ ಪುಣೆಕ್ಕ ಹೊಂಟಾರ, ಮನಿ ಮಾರತಾರ, ಅದು ನಮಗೂ ಗೊತ್ತಿತ್ತು. ಏಜೆಂಟ ನಮ್ಮ ಅಂಗಳದ ಕಡೆ ಕೈ ಮಾಡಿ ಹೇಳಿದ, “ಗಾಡೀದೇನ ಚಿಂತಿ ಮಾಡಬ್ಯಾಡ್ರಿ. ಟರ್ನಿಂಗ್ ಇಲ್ಲೇ ಐತಿ. ಇಪ್ಪತ್ತ ವರ್ಷದ ವಹಿವಾಟ. ಕರಾರದಾಗ ಬರಸೂಣು.”

ಕೈಯಾಗಿನ ತಂಬಗಿ ಕೈಯಾಗ ಉಳೀತು.

ನಮ್ಮ ಮೈದುನ ವಕೀಲಿ ಮಾಡ್ತಾನಲ್ಲಾ, ಅವಗ ಫೋನ್ ಹಚ್ಚಿದೆ. “ವೈನಿ, ನೀವು ದಿನಾ ಬೈಯೋ ಅಪರಿಚಿತರ ಬಗ್ಗೆ ಕಾಳಜಿ ಬಿಡ್ರಿ” ಅಂದ. “ಅವರು ನೂರು ವರ್ಷ ತಿರಗಿಸಿದ್ರೂ ಅವರಿಗೇನೂ ಹಕ್ಕು ಹುಟ್ಟೂದಿಲ್ಲ. ನೀವು ಬೈಯದ ಇರೋರನ್ನ ನೋಡ್ಕೋರಿ.”

ಅವ ಹೇಳಿದ್ದು ಹಿಂಗ. 1882 ರ ಈಸ್‌ಮೆಂಟ್ ಕಾಯ್ದೆ ಅಂತದ, ಅಂದ್ರ ಒಬ್ಬರ ಜಾಗಾದ ಮ್ಯಾಲೆ ಇನ್ನೊಬ್ಬರು ನಡಸ್ಕೊಂಡು ಬಂದ ಹಕ್ಕಿನ ಕಾಯ್ದೆ. ಮೊದಲ ಅದು ಮದ್ರಾಸ, ಕೊಡಗು, ಮಧ್ಯಪ್ರಾಂತದ ಕಡೆ ಅಷ್ಟ ಇತ್ತು. ಮುಂಬಯಿ ಇಲಾಖೆಕ್ಕ 1891 ರಾಗ ಬಂತು. ಧಾರವಾಡ 1956 ರ ತನಕಾ ಮುಂಬಯಿ ಕಡೆನ ಇತ್ತಲ್ಲಾ, ಹಂಗಾಗಿ ನಮ್ಮ ಊರಿಗೆ ಅದು ಹತ್ತಿದ್ದು ಆವಾಗಿಂದ. ಆ ಕಾಯ್ದೆ ಪ್ರಕಾರ ಮಗ್ಗಲಿನ ಆಸ್ತಿಯವರು ಅಡ್ಡಿ ಇಲ್ಲದ, ಮುಚ್ಚುಮರಿ ಇಲ್ಲದ, ತಮ್ಮ ಹಕ್ಕು ಅನ್ನೋಹಂಗ 20 ವರ್ಷ ನಮ್ಮ ಜಾಗಾದ ಮ್ಯಾಲೆ ಹಾದ್ರ, ಆ ಹಾಯೋದು ಅವರ ಮನಿಗೆ ಹಕ್ಕಾಗಿ ಅಂಟಗೋತದ. ಮನಿ ಮಾರಿದ್ರ ಕೊಂಡವರಿಗೂ ಹೋಗತದ. ಓಣ್ಯಾಗ ಹಾದಿ ತಪ್ಪಿ ಬಂದವಗ ಇಲ್ಲೆ ಆಸ್ತಿನ ಇಲ್ಲ, ಅವಗ ಇದು ಹತ್ತೂದಿಲ್ಲ. ಎದುರ ಮನಿಯವರಿಗೆ ಹತ್ತತದ.

“ಆದ್ರ” ಅಂದ, “ಅವರು ನಿಮ್ಮನ್ನ ಕೇಳಿ, ನೀವು ಹೂಂ ಅಂದು, ಅದರ ಮ್ಯಾಲೆ ತಿರಗಿಸ್ತಿದ್ರ, ಅದು ಹಕ್ಕಲ್ಲ, ಅನುಮತಿ. ಅನುಮತಿ ಎಷ್ಟ ವರ್ಷ ನಡದ್ರೂ ಹಕ್ಕಾಗೂದಿಲ್ಲ. ಕೇಳಿದ್ರಾ ಅವರು?”

ಎದುರ ಮನಿಯವರು ಕಾರು ತೊಗೊಂಡು 19 ವರ್ಷ ಆತು. ಗಂಡಸ್ರನ್ನ ಕೇಳಿದ್ರ ಇವರಿಗೂ ನೆನಪಿಲ್ಲ, ಅವರಿಗೂ ನೆನಪಿಲ್ಲ. “ಯಾರು ಕೇಳ್ತಾರ, ಬಾಜೂಕಿನವರೊಳಗ ಇದೆಲ್ಲಾ ನಡೀತದ” ಅಂದ್ರು ನಮ್ಮನಿಯವರು. ಎದುರಿನವರೂ ಅದನ್ನ ಅಂದ್ರು. ನನಗ ರಾತ್ರಿ ನಿದ್ದಿ ಹತ್ತಲಿಲ್ಲ. ಈ ಅಂಗಳ ಅಜ್ಜಾರು ಚಕ್ಕಡಿ ನಿಲ್ಲಿಸಿ ಅಳದದ್ದು. ನಾಳೆ ಯಾರೋ ಬಂದು ಕಾಗದ ತೋರಿಸಿ ಗೇಟ್ ತೆಗೀರಿ ಅಂದ್ರ?

ಶುಕ್ರವಾರ ಅತ್ತಿಯವರು ತಾವ ಎದ್ದು, ಅರಿಷಿಣ-ಕುಂಕುಮ ತೊಗೊಂಡು ಎದುರ ಮನಿಗೆ ಹೋದ್ರು. ನಾನೂ ಹಿಂದ. ಜಗಳಾಡ್ತಾರೇನೋ ಅಂತ ಎದಿ ಡವಡವ. ಅವರು ಜಗಳದ ಸುದ್ದೀನ ತಗೀಲಿಲ್ಲ. ಪುಣೆ, ಮಗಾ, ಸಾಮಾನು ಕಟ್ಟೋದು ಎಲ್ಲಾ ಮಾತಾಡಿ ಕಡೀಕೆ, “ನಿಮ್ಮ ಮೊದಲನೇ ಗಾಡಿ ಯಾವ ಬಣ್ಣದ್ದಿತ್ತವಾ?” ಅಂತ ಕೇಳಿದ್ರು.

“ಕೆಂಪು, ಕಾಕು” ಅಂದ್ರು ಅವರು, ಅಂದವರು ನಕ್ಕರು. “ದೀಪಾವಳಿ ಪಾಡ್ಯಾ ದಿನಾ ಬಂತು. ಇವರಿಗೆ ಇನ್ನೂ ಕೈ ಕೂತಿದ್ದಿಲ್ಲ. ನಾನ ಪೇಢೆ ಡಬ್ಬಿ ತೊಗೊಂಡು ನಿಮ್ಮ ಮನಿಗೆ ಬಂದಿದ್ದೆ. ಕಾಕು, ಒಂದು ನಾಕು ದಿನಾ ನಿಮ್ಮ ಅಂಗಳದಾಗ ತಿರಗಿಸ್ಕೋತೇವಿ, ನಡೀತದಲ್ಲಾ ಅಂದಿದ್ದೆ. ನೀವು ನಡೀತದ, ಆದ್ರ ತುಳಸಿಕಟ್ಟಿ ಸಂಬಾಳಸಿ ಅಂದಿದ್ರಿ.”

ನಾಕು ದಿನದ್ದು 19 ವರ್ಷ ಆತು ಅನ್ರಿ. ಆದ್ರ ಕೇಳಿದ್ದು ಕೇಳಿದ್ದ! ಆ ಮನಿ, ಈ ಮನಿ ಗಂಡಸ್ರಿಗೆ ಒಬ್ಬರಿಗೂ ನೆನಪಿಲ್ಲದ್ದು ಇಬ್ಬರು ಹೆಣ್ಣಮಕ್ಕಳಿಗೆ ಡಬ್ಬಿ ಸೈತ ನೆನಪಿತ್ತು. ಅವರಿಗೆ ಏಜೆಂಟ ಏನು ಹೇಳ್ಯಾನ ಅನ್ನೋದ ಗೊತ್ತಿರಲಿಲ್ಲ ಪಾಪ. ಕೇಳಿ ಮಾರಿ ಸಣ್ಣ ಮಾಡಿದ್ರು. ಮೈದುನ ಒಂದು ಹಾಳಿ ಬರದು ಕೊಟ್ಟ: ಅನುಮತಿ ಮ್ಯಾಲೆ ತಿರಗಿಸ್ತಿದ್ದೆವು, ಹಕ್ಕು ಇಲ್ಲ, ಮನಿ ಕೊಳ್ಳವರಿಗೆ ಇದು ಹೋಗೂದಿಲ್ಲ ಅಂತ. ಎರಡೂ ಮನಿಯವರು ಸಹಿ ಹಾಕಿದ್ರು. ಅತ್ತಿಯವರೂ ಎದುರ ಮನಿ ವೈನಿನೂ ಸಾಕ್ಷಿ. ಅವತ್ತೂ ಪೇಢೆನ ತಂದಿದ್ರು.

ಹೊಸಾ ಮಂದಿ ಮುಂದಿನ ತಿಂಗಳ ಬರತಾರಂತ. ಗಂಡ-ಹೆಂಡ್ತಿ ಇಬ್ಬರದೂ ಒಂದೊಂದು ಗಾಡಿ. ಕೇಳಿದ್ರ ಅತ್ತಿಯವರು ಹೂಂ ಅನ್ನೋರ, ನನಗದು ಗೊತ್ತದ. ಅದಕ್ಕ ಗೇಟ್ ಓಣಿಗೆ ಹಚ್ಚದ ಒಂದೀಟು ಒಳಗ ಸರಿಸಿ ಹಚ್ಚೋಣ, ಹೊರಗ ಬಂದವರು ಮಾರಿ ತೂರಸೋವಷ್ಟು ಜಾಗಾ ಇರಲಿ, ತುಳಸಿ ಮತ್ತ ರಂಗೋಲಿ ಗೇಟಿನ ಒಳಗ ಬರಲಿ ಅಂತ ನಮ್ಮ ನಮ್ಮೊಳಗ ಮಾತಾಗೇದ. ಎಷ್ಟು ಒಳಗ ಅನ್ನೋದಕ್ಕ ಇನ್ನೂ ಜಗಳಾ ನಡದದ. ನಾ ನಾಕು ಫೂಟು ಅಂತೇನಿ, ಅವರು ಎಂಟು ಅಂತಾರ. ಅಜ್ಜಾರ ಗುಂಡಕಲ್ಲು ಎಲ್ಲಿತ್ತೋ ಅಲ್ಲೇ ಕಂಬಾ ನಿಲ್ಲಿಸೋಣು ಅಂತ ಕಡೀಕೆ ಇಬ್ಬರೂ ಒಪ್ಪೇವಿ.

ಅದಕ್ಕ ಮೌಶಿ, ಕಾಕು, ನಾದಿನ್ಯಾರು, ಎಲ್ಲಾರಿಗೂ ಹೇಳಾಕತ್ತೇನಿ. 1964 ರ ಮದಿವೀದು, ಇಲ್ಲಾ ದೊಡ್ಡ ಮಾವನವರ ಮುಂಜಿವಿದು, ಅಂಗಳದಾಗ ತಗದ ಹಳೇ ಫೋಟೋ ಯಾರ ಟ್ರಂಕಿನ್ಯಾಗರೆ ಇದ್ರ ಕಳಸ್ರಿ. ಮಂದಿ ಮಾರಿ ಕಾಣದಿದ್ರೂ ನಡೀತದ. ಎಡಗಡೆ ಮೂಲ್ಯಾಗ ಆ ಕಲ್ಲು ಕಂಡ್ರ ಸಾಕು.