ಸರ್ಕಾರಿ ಪತ್ರ ‘ತಲುಪಿದೆ’ ಅಂದ್ರೆ ಯಾವಾಗ? ಅಂಚೆ, ಇಮೇಲ್, ಡಿಜಿಲಾಕರ್ ಬಗ್ಗೆ ತಿಳಿದಿರಲಿ

‘ನೋಟಿಸ್ ನಾನು ನೋಡೇ ಇಲ್ಲ’ ಅನ್ನೋ ಮಾತು ಕಚೇರಿ, ಕೋರ್ಟುಗಳಲ್ಲಿ ಸುಲಭಕ್ಕೆ ನಡೆಯಲ್ಲ. ನೀವು ಓದಿದ್ರಾ ಅನ್ನೋದಕ್ಕಿಂತ, ನೀವು ಕೊಟ್ಟ ವಿಳಾಸಕ್ಕೆ ಬಂತಾ ಅನ್ನೋದೇ ಅಲ್ಲಿ ಮುಖ್ಯ.

1897ರ ಜನರಲ್ ಕ್ಲಾಸಸ್ ಕಾಯ್ದೆಯ ಸೆಕ್ಷನ್ 27ರ ಪ್ರಕಾರ, ಸರಿಯಾದ ವಿಳಾಸ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದ ಪತ್ರ ಸಾಮಾನ್ಯವಾಗಿ ತಲುಪಬೇಕಾದ ದಿನಕ್ಕೆ ತಲುಪಿದೆ ಎಂದೇ ಲೆಕ್ಕ. ಇಲ್ಲ ಅನ್ನುವವರು ಅದನ್ನು ಸಾಬೀತು ಮಾಡಬೇಕು. ಪೋಸ್ಟ್‌ಮ್ಯಾನ್ ತಂದ ಲಕೋಟೆಯನ್ನು ‘ಬೇಡ’ ಅಂತ ವಾಪಸ್ ಕಳಿಸಿದರೂ ತಪ್ಪಿಸಿಕೊಂಡಂತಲ್ಲ, ಕೋರ್ಟುಗಳು ಅದನ್ನೂ ಜಾರಿಯಾದಂತೆಯೇ ನೋಡುತ್ತವೆ.

ಇಮೇಲ್ ಇನ್ನೂ ಬಿಗಿ. 2000ದ ಐಟಿ ಕಾಯ್ದೆಯ ಸೆಕ್ಷನ್ 13ರಂತೆ, ನೀವು ಸೂಚಿಸಿದ ಇಮೇಲ್‌ಗೆ ಪತ್ರ ಬಂದು ಬಿದ್ದ ಹೊತ್ತೇ ಸ್ವೀಕರಿಸಿದ ಹೊತ್ತು. ಆದಾಯ ತೆರಿಗೆ ನೋಟಿಸ್‌ಗಳು ಇ-ಫೈಲಿಂಗ್ ಖಾತೆಯಲ್ಲೂ ಬಂದು ಕೂತಿರುತ್ತವೆ. ನಮ್ಮ ಕಡೆ ತೊಂದರೆ ಆಗೋದು ಇಲ್ಲೇ. ಅರ್ಜಿ ತುಂಬುವಾಗ ಸೈಬರ್ ಸೆಂಟರ್‌ನವರು ಅವಸರಕ್ಕೆ ತಮ್ಮದೇ ಇಮೇಲ್, ಮೊಬೈಲ್ ನಂಬರ್ ಹಾಕಿಬಿಡ್ತಾರೆ. ಪತ್ರ ಅವರಿಗೆ ಹೋಗುತ್ತೆ, ಗಡುವು ಮಾತ್ರ ನಿಮ್ಮದು ಮುಗಿಯುತ್ತೆ. ಸಬ್‌ಮಿಟ್ ಒತ್ತುವ ಮೊದಲು ಆ ಎರಡು ಸಾಲು ನೀವೇ ಓದಿ.

ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲೇ ಬರುತ್ತೆ. ಗುರುತಿನ ಚೀಟಿ ನೋಡಿ ಅರ್ಜಿದಾರರ ಕೈಗೇ ಕೊಡ್ತಾರೆ. ಮನೆ ಬದಲಿಸಿದವರು ಇದನ್ನು ಮರೆಯಬಾರದು, ಸಿಗದಿದ್ದರೆ ಅದು ಪಾಸ್‌ಪೋರ್ಟ್ ಕಚೇರಿಗೇ ವಾಪಸ್.

ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಡಿಜಿಟಲ್ ಸಹಿ ಇರುತ್ತೆ. ಇಂಕಿನ ಸಹಿ, ಸೀಲು ಬೇಕಿಲ್ಲ. ಯಾರಾದರೂ ‘ಸೀಲ್ ಹಾಕಿಸ್ಕೊಂಡು ಬನ್ನಿ’ ಅಂದ್ರೆ, ಅದರಲ್ಲಿರುವ ಆರ್‌ಡಿ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಪರಿಶೀಲಿಸಿ ಎನ್ನಿ.

ಡಿಜಿಲಾಕರ್‌ನಲ್ಲಿ ಇಲಾಖೆಯೇ ನೀಡಿದ ಡಿಎಲ್, ಆರ್‌ಸಿ ಮೂಲ ದಾಖಲೆಗೆ ಸಮ. ಅದೇ ಆ್ಯಪ್‌ಗೆ ನೀವೇ ಫೋಟೊ ತೆಗೆದು ಹಾಕಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಇಟ್ಟುಕೊಂಡಿದ್ದು ಬರೀ ಪ್ರತಿ, ತಪಾಸಣೆ ವೇಳೆ ಲೆಕ್ಕಕ್ಕಿಲ್ಲ.

‘ಟ್ರಾಫಿಕ್ ಚಲನ್’ ಅಂತ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಅದು ವಂಚಕರದ್ದು. ಚಲನ್ ಇದೆಯೋ ಇಲ್ಲವೋ ಪರಿವಾಹನ್ ವೆಬ್‌ಸೈಟ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿಕೊಳ್ಳಬಹುದು.