ಗವರ್ನರ್: ವೇಗಕ್ಕೊಂದು ಕಡಿವಾಣ



ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಕಡೆ ಬಾವಿಯ ದಂಡೆಯ ಮೇಲೆ ಡೀಸೆಲ್ ಎಂಜಿನ್ ಓಡುವುದನ್ನು ನೀವು ನೋಡಿರಬಹುದು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಪಂಪು ಗಾಳಿ ಎಳೆಯತೊಡಗುತ್ತದೆ. ಎಂಜಿನ್ನಿನ ಮೇಲಿದ್ದ ಹೊರೆ ಒಮ್ಮೆಲೇ ಇಳಿಯುತ್ತದೆ. ಇಂಧನ ಮೊದಲಿನಷ್ಟೇ ಬರುತ್ತಿದ್ದರೆ ಎಂಜಿನ್ ಹುಚ್ಚುಕುದುರೆಯಂತೆ ಓಡಬೇಕು. ಆದರೆ ಅದು ಒಂದು ಗಳಿಗೆ ಅಬ್ಬರಿಸಿ ಹದಕ್ಕೆ ಬರುತ್ತದೆ. ಕಾರಣ, ಅದರೊಳಗಿನ ಗವರ್ನರ್. ಹುಲ್ಲು ಕತ್ತರಿಸುವ ಯಂತ್ರದಲ್ಲೂ ಜಾತ್ರೆಯ ಜನರೇಟರಿನಲ್ಲೂ ಇಂಥದೇ ಏರ್ಪಾಡು ಇರುತ್ತದೆ.

ಎಂಜಿನ್ನು ಬರುವ ಮೊದಲು ಬಾವಿಗಳಲ್ಲಿ ಕಪಿಲೆ ಇತ್ತು. ಎತ್ತು ರಭಸದಿಂದ ನಡೆದರೆ ತಡೆಯುವವನೂ, ಸೋತರೆ ಹುರಿದುಂಬಿಸುವವನೂ ಕಪಿಲೆ ಹೊಡೆಯುವ ರೈತನೇ. ಆ ಎಚ್ಚರವನ್ನು ಯಂತ್ರಕ್ಕೇ ಒಪ್ಪಿಸಿದ್ದು ಹೇಗೆ?

ಇಂಗ್ಲೆಂಡಿನ ಗಾಳಿಗಿರಣಿಗಳಲ್ಲಿ ಬಳಸಲು ತಿರುಗುವ ಗುಂಡುಗಳ ಗವರ್ನರಿಗೆ ಥಾಮಸ್ ಮೀಡ್ 1787ರಲ್ಲಿ ಪೇಟೆಂಟ್ ಪಡೆದರು. 1788ರಲ್ಲಿ ಲಂಡನ್ನಿನ ಆಲ್ಬಿಯನ್ ಗಿರಣಿಯಲ್ಲಿ ಇಂಥ ಸಾಧನವನ್ನು ಕಂಡ ಮ್ಯಾಥ್ಯೂ ಬೋಲ್ಟನ್, ತಮ್ಮ ಪಾಲುದಾರ ಜೇಮ್ಸ್ ವ್ಯಾಟ್‌ಗೆ ಪತ್ರ ಬರೆದರು. ವ್ಯಾಟ್ ಅದನ್ನು ಉಗಿಯಂತ್ರಕ್ಕೆ ಅಳವಡಿಸಿದರು. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಾಚಿ ಉಗಿಯ ದಾರಿಯನ್ನು ಕಿರಿದು ಮಾಡುತ್ತವೆ. ವೇಗ ತಗ್ಗಿದರೆ ಒಳಕ್ಕೆ ಸರಿದು ದಾರಿ ಬಿಡುತ್ತವೆ. ತನ್ನ ತಪ್ಪನ್ನು ಯಂತ್ರವೇ ತಿದ್ದಿಕೊಳ್ಳತೊಡಗಿತು!

ಆದರೆ ಹೊಸ ತೊಂದರೆಯೊಂದು ಕಾದಿತ್ತು. ಕೆಲವು ಯಂತ್ರಗಳ ವೇಗ ಒಂದೇ ಸಮನೆ ಏರುತ್ತ ಇಳಿಯುತ್ತ ತೂಗಾಡುತ್ತಿತ್ತು. ಮೆಕ್ಯಾನಿಕ್‌ಗಳು ಇದನ್ನು ‘ಹಂಟಿಂಗ್’ ಎನ್ನುತ್ತಾರೆ. ತಿದ್ದುಪಡಿ ತಡವಾಗಿ ಬಂದು ಅತಿಯಾದರೆ ಹೀಗಾಗುತ್ತದೆ. ಇದರ ಗಣಿತವನ್ನು 1868ರಲ್ಲಿ ಬಿಡಿಸಿ ತೋರಿಸಿದವರು ವಿದ್ಯುತ್ಕಾಂತ ಸಿದ್ಧಾಂತದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1947ರಲ್ಲಿ ನಾರ್ಬರ್ಟ್ ವೀನರ್ ‘ಸೈಬರ್ನೆಟಿಕ್ಸ್’ ಎಂಬ ಹೆಸರನ್ನು ಆರಿಸಿದ್ದು ಈ ಲೇಖನದ ನೆನಪಿಗಾಗಿಯೇ. ಅದರ ಗ್ರೀಕ್ ಮೂಲದ ಅರ್ಥ ‘ಚುಕ್ಕಾಣಿ ಹಿಡಿದವನು’. ಗವರ್ನರ್ ಪದಕ್ಕೂ ಅದೇ ಮೂಲ.

ಈ ವಿದ್ಯೆ ನಮ್ಮ ಹೊಲಗಳಿಗೂ ಬಂತು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭವಾದ ಕಿರ್ಲೋಸ್ಕರ್ ಉದ್ಯಮ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿಯನ್ನು ಸ್ಥಾಪಿಸಿತು. ಡೀಸೆಲ್ ಎಂಜಿನ್ನಿನಲ್ಲಿ ಗುಂಡುಗಳ ಜಾಗದಲ್ಲಿ ಸಣ್ಣ ತೂಕಗಳು, ಎದುರಿಗೆ ಒಂದು ಸ್ಪ್ರಿಂಗ್. ಅವು ತಡೆಯುವುದು ಉಗಿಯನ್ನಲ್ಲ, ಡೀಸೆಲನ್ನು.

ಹಡಗಲಿಯ ಹೊಲದಲ್ಲೋ ಕೊಟ್ಟೂರಿನ ಗ್ಯಾರೇಜಿನಲ್ಲೋ ಎಂಜಿನ್ ತೂಗಾಡಿದರೆ ಮಾಡಬೇಕಾದದ್ದೇನು? ಒಡನೆಯೇ ಸ್ಪ್ರಿಂಗಿಗೆ ಕೈ ಹಾಕಬಾರದು. ಮೊದಲು ಇಂಧನದ ಫಿಲ್ಟರ್ ಕಟ್ಟಿದೆಯೇ, ಪೈಪಿನಲ್ಲಿ ಗಾಳಿ ಸೇರಿದೆಯೇ ನೋಡಬೇಕು. ಆಮೇಲೆ ಲಿವರಿನ ಕೀಲುಗಳು. ಪಿನ್ ಸವೆದು ಸಡಿಲವಾಗಿದ್ದರೆ, ಇಲ್ಲವೇ ಜಿಡ್ಡುಗಟ್ಟಿ ಬಿಗಿದಿದ್ದರೆ ತಿದ್ದುಪಡಿ ತಡವಾಗುತ್ತದೆ. ಮ್ಯಾಕ್ಸ್‌ವೆಲ್ ಕಾಲದ ತೊಂದರೆ ಅಲ್ಲಿಯೇ ಕೂತಿರುತ್ತದೆ. ಕೊನೆಗೆ ಸ್ಪ್ರಿಂಗಿನ ಬಿಗಿತ. ಅದನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಿ, ವೇಗಮಾಪಕದಿಂದ ಅಳೆಯಬೇಕು. ನಾಲ್ಕು ಧ್ರುವಗಳ ಜನರೇಟರ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಜ್ ವಿದ್ಯುತ್ ಕೊಡುತ್ತದೆ.

ಹೆಚ್ಚು ನೀರು ಬರಲೆಂದು ಗವರ್ನರ್ ಲಿವರನ್ನು ತಂತಿಯಿಂದ ಬಿಗಿದು ಕಟ್ಟುವುದು ಮಾತ್ರ ಬಹಳ ಅಪಾಯಕಾರಿ. ವೇಗ ಒಂದೂವರೆ ಪಟ್ಟಾದರೆ ಫ್ಲೈವೀಲನ್ನು ಸಿಡಿಸಲು ಎಳೆಯುವ ಬಲ 2.25 ಪಟ್ಟಾಗುತ್ತದೆ, ಏಕೆಂದರೆ ಆ ಬಲ ವೇಗದ ವರ್ಗಕ್ಕೆ ಅನುಗುಣ. ಬಾವಿ ಬತ್ತಿ ಪಂಪು ಗಾಳಿ ಎಳೆದ ಹೊತ್ತಿನಲ್ಲಿ ತಡೆಯುವವರೇ ಇರುವುದಿಲ್ಲ. ಚಕ್ರ ಸಿಡಿದರೆ ಬಳಿಯಲ್ಲಿರುವವರ ಜೀವಕ್ಕೇ ಸಂಚಕಾರ.

ನಿಮ್ಮ ಹೊಲದ ಎಂಜಿನ್ನಿನಲ್ಲಿ ಅಂಥ ತಂತಿ ಕಂಡರೆ, ಎಂಜಿನ್ ನಿಲ್ಲಿಸಿ ಅದನ್ನು ಬಿಚ್ಚಲು ಮನೆಯ ಹಿರಿಯರಿಗೆ ಹೇಳಿ. ಕಾರಣ ಕೇಳಿದರೆ ವರ್ಗದ ಈ ಲೆಕ್ಕವನ್ನು ಬಿಡಿಸಿ ತೋರಿಸಿ.